ವರ್ಕ್‌ಶಾಪಿಗೆ ಪೈಪ್ ಗ್ರೂವಿಂಗ್ ಯಂತ್ರ ಕೊಳ್ಳುವ ಮುನ್ನ

ಫೈರ್ ಹೈಡ್ರೆಂಟ್, ಸ್ಪ್ರಿಂಕ್ಲರ್ ಅಥವಾ ಎ.ಸಿ. ಚಿಲ್ಡ್ ವಾಟರ್ ಲೈನಿನ ಕೆಲಸ ಹಿಡಿಯುವ ಸಣ್ಣ ವರ್ಕ್‌ಶಾಪಿನವರು ಗ್ರೂವಿಂಗ್ ಯಂತ್ರ (ಎರಡು ಪೈಪುಗಳನ್ನು ಕಪ್ಲಿಂಗ್ ಎಂಬ ಹಿಡಿಕೆಯಿಂದ ಬಿಗಿದು ಜೋಡಿಸಲು ಅವುಗಳ ತುದಿಯ ಸುತ್ತ ತೋಡು ಹಾಕುವ ಯಂತ್ರ) ಕೊಳ್ಳಲು ಹೋದಾಗ ಮೊದಲು ಕೇಳುವುದು ಅದು ಎಷ್ಟು ಇಂಚಿನವರೆಗೆ ಮಾಡುತ್ತದೆ ಎಂದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಳೆದ ಒಂದು ವರ್ಷ ನಿಮ್ಮಲ್ಲಿಗೆ ಬಂದ ಪೈಪುಗಳ ಹೊರವ್ಯಾಸ, ಗೋಡೆಯ ದಪ್ಪ ಮತ್ತು ಲೋಹ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಯಾವ ಯಂತ್ರ ಬೇಕೆಂಬುದು ಅರ್ಧಕ್ಕರ್ಧ ತೀರ್ಮಾನವಾಗುತ್ತದೆ.

ರೋಲ್ ಗ್ರೂವಿಂಗ್‌ನಲ್ಲಿ ಪೈಪಿನ ಒಳಗಿನ ಡ್ರೈವ್ ರೋಲ್ ಅದನ್ನು ತಿರುಗಿಸುತ್ತಿರುವಾಗ ಮೇಲಿನ ರೋಲ್ ಹೈಡ್ರಾಲಿಕ್ ಒತ್ತಡದಿಂದ ಇಳಿದು ಗೋಡೆಯನ್ನು ಒಳಕ್ಕೆ ಒತ್ತುತ್ತದೆ; ಲೋಹ ಜಾಗ ಬದಲಿಸುತ್ತದೆಯೇ ಹೊರತು ಕತ್ತರಿಸಿ ಹೋಗುವುದಿಲ್ಲ. ಕಟ್ ಗ್ರೂವಿಂಗ್‌ನಲ್ಲಿ ಹತ್ಯಾರವು ಲೋಹವನ್ನು ಕೆತ್ತಿ ತೆಗೆಯುವುದರಿಂದ ಆ ಜಾಗದಲ್ಲಿ ಗೋಡೆ ತೆಳುವಾಗುತ್ತದೆ, ಜಿಐ ಪೈಪಾದರೆ ಸತುವಿನ ಲೇಪವೂ ಹೋಗುತ್ತದೆ. ಆದ್ದರಿಂದ ಎಂಎಸ್ (ಲೇಪವಿಲ್ಲದ ಮೃದು ಉಕ್ಕು) ಮತ್ತು ಜಿಐ ಪೈಪಿನ ಸಾಮಾನ್ಯ ಕೆಲಸಕ್ಕೆ ರೋಲ್ ಗ್ರೂವಿಂಗ್ ಸಾಕು; ಕಟ್ ಗ್ರೂವಿಂಗ್ ಬೇಕಾಗುವುದು ತುಂಬ ದಪ್ಪ ಗೋಡೆಯ ಪೈಪಿಗೆ ಮತ್ತು ಒತ್ತಿದರೆ ಬಿರಿಯುವ ಎರಕದ ಪೈಪಿಗೆ.

ಹೊರವ್ಯಾಸದ ವಿಷಯದಲ್ಲಿ ನಮ್ಮ ದೇಶದ ಪೈಪು ಮೋಸಗೊಳಿಸುತ್ತದೆ. ಉಕ್ಕಿನ ಪೈಪಿನ ಭಾರತೀಯ ಮಾನಕ ಐಎಸ್ 1239ರ ಪ್ರಕಾರ 100 ಎನ್‌ಬಿ (ನಾಮಿಕ ಒಳವ್ಯಾಸ, ಮಿ.ಮೀ.ಗಳಲ್ಲಿ) ಪೈಪಿನ ಹೊರವ್ಯಾಸ 114.3 ಮಿ.ಮೀ.; ಅಮೆರಿಕನ್ ಅಳತೆಯ ನಾಲ್ಕಿಂಚಿನ ಪೈಪಿನದೂ ಅಷ್ಟೇ. ಆದರೆ 150 ಎನ್‌ಬಿ ಐಎಸ್ ಪೈಪು 165.1 ಮಿ.ಮೀ. ಇದ್ದರೆ ಅಮೆರಿಕನ್ ಆರಿಂಚು 168.3 ಮಿ.ಮೀ. ಇರುತ್ತದೆ, 65 ಎನ್‌ಬಿಯಲ್ಲಿ ಇವು 76.1 ಮತ್ತು 73.0. ಕಪ್ಲಿಂಗುಗಳು ಎರಡೂ ಅಳತೆಗೆ ಬೇರೆಬೇರೆಯಾಗಿ ಬರುತ್ತವೆ. ನಾನು ಒಮ್ಮೆ ಬಿಲ್ಲಿನಲ್ಲಿದ್ದ ಆರಿಂಚು ಎಂಬ ಪದವನ್ನಷ್ಟೇ ನಂಬಿ 165.1ರ ಪೈಪಿಗೆ 168.3ರ ಕಪ್ಲಿಂಗ್ ತರಿಸಿದ್ದೆ. ನೀರು ಬಿಟ್ಟ ದಿನವೇ ಗ್ಯಾಸ್ಕೆಟ್ ಸೋರಿತು. ಅಂದಿನಿಂದ ಪೈಪಿಗೆ ಅಳತೆ ಟೇಪು ಸುತ್ತಿ ನೋಡದೆ ನಾನು ಏನನ್ನೂ ಆರ್ಡರ್ ಮಾಡಿಲ್ಲ.

ಯಂತ್ರದ ಸಾಮರ್ಥ್ಯವನ್ನು ವ್ಯಾಸದ ಜೊತೆ ದಪ್ಪವನ್ನೂ ಸೇರಿಸಿ ಓದಬೇಕು. ಅಮೆರಿಕನ್ ಅಳತೆಯಲ್ಲಿ ಗೋಡೆಯ ದಪ್ಪದ ದರ್ಜೆಯನ್ನು ಶೆಡ್ಯೂಲ್ ಎನ್ನುತ್ತಾರೆ. ನಾಲ್ಕಿಂಚಿನ ಶೆಡ್ಯೂಲ್ 10 ಪೈಪಿನ ಗೋಡೆ 3.05 ಮಿ.ಮೀ., ಶೆಡ್ಯೂಲ್ 40ರದು 6.02 ಮಿ.ಮೀ.; ಹನ್ನೆರಡು ಇಂಚಿನವರೆಗೆ ಎಂದು ಬರೆದಿರುವ ಯಂತ್ರವೂ ದಪ್ಪ ಪೈಪಿನಲ್ಲಿ ಆರಿಂಚಿಗೇ ನಿಲ್ಲಬಹುದು. ರೋಲ್ ಸೆಟ್‌ಗಳು ಯಾವ ಅಳತೆಗೆ ಯಾವುದು, ಬೆಲೆಯಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸ್ಟೇನ್‌ಲೆಸ್ ಪೈಪಿಗೆ ಪ್ರತ್ಯೇಕ ರೋಲ್ ಇರಲಿ. ಎಂಎಸ್ ಕಣಗಳು ಅಂಟಿದ ರೋಲು ಸ್ಟೇನ್‌ಲೆಸ್‌ಗೂ ತುಕ್ಕು ಹತ್ತಿಸುತ್ತದೆ.

ಜನ ಕಡೆಗಣಿಸುವುದು ಸ್ಟ್ಯಾಂಡನ್ನು ಮತ್ತು ಜಾಗವನ್ನು. ಆರು ಮೀಟರ್ ಉದ್ದದ 150 ಎನ್‌ಬಿ ಮೀಡಿಯಂ (ಐಎಸ್‌ನ ಮಧ್ಯಮ ದಪ್ಪದ ದರ್ಜೆ) ಪೈಪು ನೂರು ಕೆ.ಜಿ. ಮೀರುತ್ತದೆ, ಅಲ್ಲದೆ ಎರಡೂ ತುದಿಗೆ ಗ್ರೂವ್ ಹಾಕಲು ಅದನ್ನು ತಿರುಗಿಸಿ ಇಡಬೇಕಾಗುತ್ತದೆ. 30×40 ಸೈಟಿನ ಶೆಡ್ಡಿನಲ್ಲಿ ಇದು ಸುಲಭದ ಮಾತಲ್ಲ. ಬಾಗಿಲಿನಿಂದ ಪೈಪು ಹೇಗೆ ಬಂದು ಹೇಗೆ ತಿರುಗುತ್ತದೆ ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿ ನೋಡಿದ ಮೇಲೆಯೇ ಯಂತ್ರದ ಜಾಗ ನಿರ್ಧರಿಸಿ. ರೋಲರ್ ಇರುವ, ಎತ್ತರ ಹೊಂದಿಸಬಹುದಾದ ಸ್ಟ್ಯಾಂಡನ್ನೇ ಕೊಳ್ಳಿ, ಪೈಪಿನ ಅರ್ಧ ಉದ್ದಕ್ಕಿಂತ ತುಸು ಆಚೆ ಇಡಿ. ಪೈಪು ಮಟ್ಟವಾಗಿರಬೇಕು, ಹಿಂದಿನ ತುದಿ ತಯಾರಕರು ಹೇಳಿದ ಕಡೆಗೆ ಅರ್ಧ ಡಿಗ್ರಿಯಷ್ಟು ಸರಿದಿರಬೇಕು. ಇಲ್ಲವಾದರೆ ಪೈಪು ತಿರುಗುತ್ತಲೇ ರೋಲಿನಿಂದ ಹೊರಕ್ಕೆ ನಡೆಯುತ್ತದೆ. ಕಾಲು ತೆಗೆದರೆ ಯಂತ್ರ ನಿಲ್ಲಿಸುವ ಫುಟ್ ಸ್ವಿಚ್ ಇಲ್ಲದ ಯಂತ್ರವನ್ನು ಅಗ್ಗವೆಂದು ತರಬೇಡಿ. ತಿರುಗುವ ಪೈಪಿನ ಬಳಿ ಸಡಿಲ ಗ್ಲೌಸ್ ಬೆರಳನ್ನೇ ಎಳೆದುಕೊಳ್ಳುತ್ತದೆ.

ಕೊಳ್ಳುವ ಮುನ್ನ ನಿಮ್ಮದೇ ಪೈಪಿನ ತುಂಡನ್ನು ಒಯ್ದು ಗ್ರೂವ್ ಹಾಕಿಸಿ. ತುದಿ ನೇರವಾಗಿ ಕತ್ತರಿಸಿರಲಿ, ತುದಿಯಿಂದ 50 ಮಿ.ಮೀ.ವರೆಗೆ ವೆಲ್ಡಿನ ಉಬ್ಬನ್ನು ಒಳಗೂ ಹೊರಗೂ ಉಜ್ಜಿ ಸಮ ಮಾಡಿರಿ. 114.3 ಮಿ.ಮೀ. ಪೈಪಿಗೆ ಗ್ರೂವಿನ ತಳದ ವ್ಯಾಸ 110.08 ಮಿ.ಮೀ. ಬರಬೇಕು, ಅದಕ್ಕಿಂತ ಹೆಚ್ಚಾಗುವಂತಿಲ್ಲ, ಕಡಿಮೆಯಾದರೆ 0.51 ಮಿ.ಮೀ.ವರೆಗೆ ಸರಿ. ವ್ಯಾಸ ಅಳೆಯುವ ಪೈ ಟೇಪಿನಿಂದ ಇದನ್ನು ನೀವೇ ನೋಡಿ, ಒಂದೇ ಸೆಟ್ಟಿಂಗಿನಲ್ಲಿ ಮೂರು ತುಂಡು ಮಾಡಿಸಿ, ಮೂರರ ಅಳತೆಯೂ ಈ ಮಿತಿಯೊಳಗೆ ಬಂದ ಮೇಲೆ ಮುಂಗಡ ಕೊಡಿ.