ಬೆಂಗಳೂರಿನ ಹಿತ್ತಲಲ್ಲಿ ಡಿಸೆಂಬರಿಗೇ ಸ್ಟ್ರಾಬೆರಿ

ಹೆಚ್ಚಿನವರು ಸ್ಟ್ರಾಬೆರಿ ಗಿಡ ಕೊಳ್ಳುವುದು ಡಿಸೆಂಬರಿನಲ್ಲಿ, ನರ್ಸರಿಯ ಕುಂಡದಲ್ಲಿ ಕೆಂಪು ಹಣ್ಣು ತೂಗುವುದನ್ನು ಕಂಡಮೇಲೆ. ಆ ಹಣ್ಣು ಮುಗಿದು ಗಿಡ ಚೇತರಿಸಿಕೊಳ್ಳುವಷ್ಟರಲ್ಲಿ ಬಿಸಿಲೇರಿರುತ್ತದೆ. ನಾನು ಸೆಪ್ಟೆಂಬರ್ ಕೊನೆಯಲ್ಲೇ ನೆಡುತ್ತೇನೆ. ಹಾಗಾಗಿ ಕ್ರಿಸ್‌ಮಸ್‌ಗೆ ಮೊದಲೇ ನಮ್ಮ ಹಿತ್ತಲಲ್ಲಿ ಹಣ್ಣು ಬಿಡಿಸಲು ಸಿಗುತ್ತದೆ.

ಇದಕ್ಕೆ ಕಾರಣವಿದೆ. ನಮಗೆ ಸಿಗುವ ಹೆಚ್ಚಿನ ತಳಿಗಳು ಹಗಲು ಚಿಕ್ಕದಾದಾಗ, ತಂಪು ಶುರುವಾದಾಗ ಮೊಗ್ಗು ಕಟ್ಟುವಂಥವು. ಬೆಂಗಳೂರಿನಲ್ಲಿ ಬೇಸಿಗೆಯಲ್ಲೂ ಹಗಲು 13 ಗಂಟೆ ದಾಟುವುದಿಲ್ಲ. ಆದ್ದರಿಂದ ಇಲ್ಲಿ ತಡೆಯುವುದು ಶಾಖವೊಂದೇ. ನವೆಂಬರಿನಲ್ಲಿ ರಾತ್ರಿಗಳು ತಣ್ಣಗಾಗುವ ಹೊತ್ತಿಗೆ ಗಿಡದ ಮೈಯಲ್ಲಿ ಒಳ್ಳೆಯ ಎಲೆಗಳಿರಬೇಕು. ಬೇಗ ಹಣ್ಣು ಬೇಕೆನ್ನುವವರು ಮಾಡಬೇಕಾದ ಕೆಲಸವೆಲ್ಲ ಅಕ್ಟೋಬರಿನಲ್ಲೇ ಇದೆ.

ತಳಿ ನೋಡಿಯೇ ಕೊಳ್ಳಬೇಕು. ವಿಂಟರ್ ಡಾನ್ ಮತ್ತು ಸ್ವೀಟ್ ಚಾರ್ಲಿ ಎರಡೂ ಅಮೆರಿಕದ ಫ್ಲೋರಿಡಾದಲ್ಲಿ ರೂಪುಗೊಂಡ, ಬೇಗ ಫಲ ಕೊಡುವ ತಳಿಗಳು. ರುಚಿಗೆ ನನ್ನ ಮತ ಸ್ವೀಟ್ ಚಾರ್ಲಿಗೆ. ಅದರಲ್ಲಿ ಹುಳಿ ಕಡಿಮೆ. ಮಹಾಬಲೇಶ್ವರ, ಪಂಚಗಣಿ ಕಡೆಯಿಂದ ಬರುವ ಸಸಿಗಳನ್ನೇ ತರಿಸುತ್ತೇನೆ.

ಮಳೆ ಇನ್ನೂ ಇರುವ ಕಾಲವಾದ್ದರಿಂದ ಒಂದು ಗೇಣು ಎತ್ತರದ ಏರುಮಡಿ ಬೇಕೇ ಬೇಕು. ಕೆಂಪು ಮಣ್ಣು, ಎರೆಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ, ಜೊತೆಗೆ ಒಂದಷ್ಟು ಬೇವಿನ ಹಿಂಡಿ. ನಾರಿನ ಪುಡಿಯನ್ನು ತೊಳೆಯದೆ ಹಾಕಬಾರದು, ಅದರಲ್ಲಿ ಉಪ್ಪಿನಂಶವಿರುತ್ತದೆ. ಸ್ಟ್ರಾಬೆರಿ ಉಪ್ಪನ್ನು ಸಹಿಸುವುದಿಲ್ಲ. ಗಡಸು ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರೆ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ನಾನು ಅಕ್ಟೋಬರಿನ ಮಳೆನೀರನ್ನು ಡ್ರಮ್ಮುಗಳಲ್ಲಿ ಹಿಡಿದಿಟ್ಟು ಅದನ್ನೇ ಉಣಿಸುತ್ತೇನೆ.

ನೆಡುವಾಗ ನೋಡಬೇಕಾದದ್ದು ಎಲೆತೊಟ್ಟುಗಳೆಲ್ಲ ಕೂಡುವ ಗಿಡ್ಡ ಬುಡವನ್ನು. ಅದರ ನಡುವೆ, ಇನ್ನೂ ಬಿಚ್ಚದ ಎಳೆಯ ಎಲೆಗಳ ನಡುವಿನಲ್ಲಿ, ಸುಳಿ ಇರುತ್ತದೆ. ಸುಳಿ ಮಣ್ಣಿನಲ್ಲಿ ಹುಗಿದರೆ ಕೊಳೆಯುತ್ತದೆ, ಬೇರು ಹೊರಗೆ ಕಂಡರೆ ಒಣಗುತ್ತದೆ. ಬುಡದ ಅರ್ಧ ಮಣ್ಣಿನೊಳಗೆ, ಸುಳಿ ಸರಿಯಾಗಿ ಮಣ್ಣಿನ ಮಟ್ಟದಿಂದ ಮೇಲೆ. ಮೊದಲ ನೀರು ಹಾಯಿಸಿದ ಮೇಲೆ ಮಣ್ಣು ಕುಸಿಯುವುದರಿಂದ ಮಾರನೆಯ ದಿನ ಪ್ರತಿ ಸಸಿಯನ್ನೂ ಮತ್ತೆ ಬಗ್ಗಿ ನೋಡುತ್ತೇನೆ.

ಅಕ್ಟೋಬರಿನಲ್ಲಿ ಬರುವ ಹೂಗಳನ್ನೂ ಬಳ್ಳಿಗಳನ್ನೂ ಚಿವುಟಿ ಹಾಕುತ್ತೇನೆ. ಮನಸ್ಸಿಗೆ ಕಷ್ಟವಾದರೂ ಇದನ್ನು ಬಿಡುವಂತಿಲ್ಲ. ನವೆಂಬರ್ ಮೊದಲ ವಾರದಿಂದ ಹೂ ಉಳಿಸಿ, ಬುಡಕ್ಕೆ ಭತ್ತದ ಹುಲ್ಲು ಹಾಸುತ್ತೇನೆ. ಕಾಯಿ ಮಣ್ಣಿಗೆ ತಾಗದು, ಬೂದುಬಣ್ಣದ ಬೂಷ್ಟೂ ಕಡಿಮೆ.

ಹೂವಿನ ನಡುವೆ ಹಳದಿ ಗುಬುಟೊಂದು ಇರುತ್ತದೆ. ಅದರ ಮೇಲಿನ ಒಂದೊಂದು ಎಳೆಗೂ ಪರಾಗ ತಲುಪಬೇಕು. ತಲುಪಿದ ಕಡೆ ಬೀಜ ಕಟ್ಟಿ ಅದರ ಸುತ್ತ ತಿರುಳು ಉಬ್ಬುತ್ತದೆ, ತಲುಪದ ಕಡೆ ಹಣ್ಣು ಸೊಟ್ಟಗಾಗುತ್ತದೆ. ಮುಜಂಟಿ ಜೇನು ಬಂದರೆ ಆ ಗುಬುಟಿನ ಸುತ್ತ ನಿಧಾನವಾಗಿ ತಿರುಗುತ್ತದೆ, ಅದಕ್ಕಿಂತ ಒಳ್ಳೆಯ ಕೆಲಸಗಾರ ಬೇಕಿಲ್ಲ. ಮೋಡ ಕವಿದು ಜೇನು ಬಾರದ ದಿನ ಮೆತ್ತನೆಯ ಕುಂಚದಿಂದ ನಾನೇ ಸವರುತ್ತೇನೆ. ಇದೇ ಕಾರಣಕ್ಕೆ ಹೂವಿರುವಾಗ ಯಾವ ಔಷಧಿಯನ್ನೂ ಸಿಂಪಡಿಸುವುದಿಲ್ಲ.

ಹೂ ಅರಳಿದ ಸುಮಾರು ಒಂದು ತಿಂಗಳಿಗೆ ಹಣ್ಣು. ಕಾಯಿ ಬೆಳ್ಳಗಾದ ಕೂಡಲೇ ಬಲೆ ಕಟ್ಟಬೇಕು, ಇಲ್ಲವಾದರೆ ಪಿಕಳಾರಗಳಿಗೆ ಹಬ್ಬ. ತೊಟ್ಟಿನವರೆಗೂ ಕೆಂಪೇರಿದ ಮೇಲೆಯೇ ಬಿಡಿಸುತ್ತೇನೆ. ಕಿತ್ತಮೇಲೆ ಬಣ್ಣ ಬರಬಹುದು, ಸಿಹಿ ಏರುವುದಿಲ್ಲ.

ಫೆಬ್ರವರಿ ಕೊನೆಗೆ ಎಲೆಯಡಿ ಕೆಂಪು ಜೇಡನುಸಿ ಕಾಣಿಸಿಕೊಳ್ಳುತ್ತದೆ, ಹಣ್ಣು ಚಿಕ್ಕದಾಗುತ್ತದೆ. ಅಲ್ಲಿಗೆ ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಮಡಿಯಲ್ಲಿ ಹರಿವೆ ಬಿತ್ತುತ್ತೇನೆ. ಬೇಸಿಗೆಯಲ್ಲಿ ನೆರಳು ಕಟ್ಟಿ ಹಳೆಯ ಗಿಡ ಉಳಿಸಿಕೊಳ್ಳುವವರಿದ್ದಾರೆ. ಬೇಗ ಹಣ್ಣು ಬೇಕೆಂದರೆ ಹೊಸ ಸಸಿಯೇ ಸರಿ ಎಂಬುದು ನನ್ನ ಅನುಭವ.