ಕಲಬುರಗಿ ಕಪನೂರಿನ ಶೆಡ್ಡಿಗೆ ಫೈವ್ ಆಕ್ಸಿಸ್ ಮಷೀನ್ ತರುವ ಮುನ್ನ

ಫೈವ್ ಆಕ್ಸಿಸ್ ಎಂದರೆ ಮೂರು ನೇರ ಚಲನೆಯ ಜೊತೆ ಎರಡು ತಿರುಗುವ ಚಲನೆಯೂ ಇರುವ, ಲೋಹ ಕೊರೆಯುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷೀನ್. ಮೊದಲು ಜಾಬ್, ಅಂದರೆ ಮಾಡಬೇಕಾದ ಬಿಡಿಭಾಗ ನೋಡಿ. ಐದು ಮುಖಗಳಿಗೆ ಡ್ರಿಲ್, ಪಾಕೆಟ್ ಅಷ್ಟೇ ಇದ್ದರೆ 3+2 (ತಿರುಗುವ ಎರಡು ಆಕ್ಸಿಸ್ ಲಾಕ್ ಮಾಡಿ ಉಳಿದ ಮೂರರಲ್ಲಿ ಕೊರೆಯುವುದು) ಸಾಕು. ಇಂಪೆಲ್ಲರ್‌ನಂಥ (ಪಂಪಿನ ರೆಕ್ಕೆಚಕ್ರ) ತಿರುಚಿದ ಮೈಗೆ ಮಾತ್ರ ಐದೂ ಆಕ್ಸಿಸ್ ಒಟ್ಟಿಗೆ ಓಡಬೇಕು. ಸಣ್ಣ ಜಾಬಿಗೆ ಟ್ರನಿಯನ್ ಟೇಬಲ್ (ಜಾಬನ್ನೇ ವಾಲಿಸಿ ತಿರುಗಿಸುವ ಟೇಬಲ್), ಭಾರದ್ದಕ್ಕೆ ಹೆಡ್ ತಿರುಗುವ ಮಷೀನ್. ಟೇಬಲ್ ಲೋಡಿಗೆ ಫಿಕ್ಸ್ಚರ್ (ಜಾಬ್ ಹಿಡಿದಿಡುವ ಸಾಧನ) ತೂಕವನ್ನೂ ಸೇರಿಸಿ.

ರೋಟರಿ (ತಿರುಗುವ) ಆಕ್ಸಿಸ್‌ನ ನಿಖರತೆ ಕೇಳಿಯೇ ಕೇಳಿ. 0.01 ಡಿಗ್ರಿ ತಪ್ಪಿದರೆ 300 ಮಿ.ಮೀ. ದೂರದಲ್ಲಿ 0.05 ಮಿ.ಮೀ. ಹೋಯಿತು. ಇನ್ನು ಕಲಬುರಗಿಯ ಬಿಸಿಲು: ಶೆಡ್ಡಿನ ಉಷ್ಣಾಂಶ 10 ಡಿಗ್ರಿ ಏರಿದರೆ 500 ಮಿ.ಮೀ. ಉಕ್ಕು ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಸ್ಪಿಂಡಲ್ ಚಿಲ್ಲರ್, ಪ್ಯಾನೆಲ್ ಎಸಿ, ಸ್ಟೆಬಿಲೈಜರ್, ಟಚ್ ಪ್ರೋಬ್ (ಜಾಬ್ ಮುಟ್ಟಿ ಅಳೆಯುವ ಸಾಧನ) ಎಲ್ಲವೂ ಕೊಟೇಶನ್ನಿನಲ್ಲೇ ಇರಲಿ.

ಮಷೀನ್ ಜೊತೆ ಸಿಮ್ಯುಲೇಶನ್ ಸಾಫ್ಟ್‌ವೇರ್ ಕೂಡ ಬೇಕು: ಕೊರೆಯುವ ಮುನ್ನ ಕಂಪ್ಯೂಟರಿನಲ್ಲೇ ಓಡಿಸಿ ನೋಡಲು. ಅದರಲ್ಲಿ ಹೆಚ್ಚಾಗಿ ಮೋಸ ಹೋಗುವುದು ಒಂದೇ ಕಡೆ. ಕ್ಯಾಮ್ (ಟೂಲ್ ಓಡುವ ದಾರಿ ತಯಾರಿಸುವ ಸಾಫ್ಟ್‌ವೇರ್) ಒಳಗಿನ ಸಿಮ್ಯುಲೇಶನ್ ಸಾಮಾನ್ಯವಾಗಿ ಪೋಸ್ಟ್ ಮಾಡುವ, ಅಂದರೆ ಮಷೀನಿನ ಭಾಷೆಗೆ ಬದಲಿಸುವ ಮುಂಚಿನ ಟೂಲ್‌ಪಾತ್ ತೋರಿಸುತ್ತದೆ. ಮಷೀನ್ ಓಡುವುದು ಪೋಸ್ಟ್ ಆದ ಜಿ-ಕೋಡ್ (ಮಷೀನ್ ಓದುವ ಆದೇಶಗಳು) ಮೇಲೆ. ಟೂಲ್ ನೆಟ್ಟಗಾಗುವ ಹತ್ತಿರ ಸಿ ಆಕ್ಸಿಸ್ (ನೆಟ್ಟಗಿನ ಗೆರೆಯ ಸುತ್ತ ತಿರುಗುವ ಆಕ್ಸಿಸ್) ಒಮ್ಮೆಲೇ 180 ಡಿಗ್ರಿ ಗಿರಕಿ ಹೊಡೆದು, ಟೂಲ್ ಹಿಡಿದ ಹೋಲ್ಡರ್ ಫಿಕ್ಸ್ಚರಿಗೆ ಬಡಿಯಬಹುದು. ಅದಕ್ಕೆ ವೆರಿಕಟ್‌ನಂತೆ ಜಿ-ಕೋಡನ್ನೇ ಓದುವ ಸಾಫ್ಟ್‌ವೇರ್ ಬೇಕು. ಡೆಮೊದಲ್ಲಿ ನಿಮ್ಮದೇ ಜಾಬ್, ಹೋಲ್ಡರ್, ಫಿಕ್ಸ್ಚರ್, ನಿಮ್ಮ ಮಷೀನಿನ ಮಾಡೆಲ್ ಹಾಕಿಸಿ ಓಡಿಸಿ ನೋಡಿ. ಪೋಸ್ಟ್ (ಜಿ-ಕೋಡಿಗೆ ಬದಲಿಸುವ ಪ್ರೋಗ್ರಾಂ) ತಿದ್ದಿಕೊಡುವ ಹೊಣೆ ಯಾರದೆಂದು ಆರ್ಡರಿನಲ್ಲೇ ಬರೆಸಿಕೊಳ್ಳಿ.