ಕಪ್ಪೆ ಬಿಟ್ಟು ಹುಳ ಹಿಡಿದೆ: ಕೊರಮೀನಿಗೆ ಸಾಫ್ಟ್ ಪ್ಲಾಸ್ಟಿಕ್, ನನ್ನ ಅನುಭವ

ಕೊರಮೀನಿಗೆ ಫ್ರಾಗ್ ಲೂರ್, ಅಂದರೆ ನೀರಿನ ಮೇಲೆ ತೇಲುವ ಕಪ್ಪೆಯಾಕಾರದ ಸುಳ್ಳು ಎರೆ, ಬಿಟ್ಟರೆ ಬೇರೆ ಏನೂ ನಡೆಯಲ್ಲ ಅಂತ ನಮ್ಮ ಜೊತೆಯವರೆಲ್ಲ ಹೇಳುತ್ತಿದ್ದರು. ನಾನೂ ಎರಡು ವರ್ಷ ಅದನ್ನೇ ನಂಬಿ ದುಡ್ಡು ಸುರಿದೆ. 2023ರ ಮಳೆಗಾಲದಿಂದ ಈಚೆಗೆ ನಾಲ್ಕು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳದಲ್ಲಿ ಐವತ್ತರ ಹತ್ತಿರ ಕೊರಮೀನು ದಡಕ್ಕೆ ತಂದಿದ್ದೇನೆ. ಎಲ್ಲವೂ ಕುಣಿಗಲ್, ತುಮಕೂರು ಸುತ್ತಿನ ಕೆರೆಗಳಲ್ಲಿ, ಏರಿ ಮೇಲೆ ನಿಂತೋ ಮಂಡಿಯುದ್ದ ನೀರಿಗೆ ಇಳಿದೋ ಹಿಡಿದವು. ಇದು ನಡೆಯಲ್ಲ ಅಂದವರಲ್ಲಿ ಮೂವರು ಈಗ ಅದೇ ಹುಳ ಹಾಕುತ್ತಿದ್ದಾರೆ. ಹೇಗೆ ಮಾಡಿದೆ ಅಂತ ಪದೇ ಪದೇ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ರಾಡ್, ರೀಲ್, ಗಂಟು ಇವೆಲ್ಲ ಓದುವವರಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದೇನೆ.

ಮೊದಲು ಫ್ರಾಗ್‌ನಲ್ಲಿ ಕಳೆದುಕೊಂಡ ಲೆಕ್ಕ. 2022ರಲ್ಲಿ ಒಂದೇ ವರ್ಷಕ್ಕೆ ಹನ್ನೊಂದು ಫ್ರಾಗ್ ತಗೊಂಡೆ. ಇನ್ನೂರೈವತ್ತರದ್ದೂ ಇತ್ತು, ಆರುನೂರರದ್ದೂ ಇತ್ತು, ಸರಾಸರಿ ಮುನ್ನೂರೈವತ್ತು ಅಂತ ಇಟ್ಟುಕೊಳ್ಳಿ. ಮೂರು ಸಾವಿರದ ಎಂಟುನೂರು ಆಯಿತು. ಸಿಕ್ಕಿದ್ದು ಹದಿನಾಲ್ಕು ಮೀನು. ಹೊಡೆತ ಬೀಳುತ್ತಿರಲಿಲ್ಲ ಅಂತಲ್ಲ, ಬೇಕಾದಷ್ಟು ಬೀಳುತ್ತಿತ್ತು. ತಾವರೆ ಎಲೆ ಮೇಲೆ ಫ್ರಾಗ್ ಕುಪ್ಪಳಿಸಿಕೊಂಡು ಬರುವಾಗ ಕೆಳಗಿಂದ ಬಾಂಬ್ ಸಿಡಿದ ಹಾಗೆ ಏಳುತ್ತದೆ, ಎದೆ ಝಲ್ ಅನ್ನುತ್ತದೆ, ಎಳೆದರೆ ಬರೀ ಫ್ರಾಗ್ ಹಾರಿಕೊಂಡು ಮುಖದ ಹತ್ತಿರ ಬರುತ್ತದೆ. ಹತ್ತು ಹೊಡೆತಕ್ಕೆ ಮೂರು ಮೀನು ದಡಕ್ಕೆ ಬಂದರೆ ಒಳ್ಳೆಯ ದಿನ. ಮೀನು ಎಲೆಯ ಅಡಿಯಿಂದ ಗುರಿ ಇಟ್ಟು ಹೊಡೆಯುತ್ತದೆ, ಮೊದಲು ಎದ್ದು ಬರುವುದು ಎಲೆ, ಆ ಎಲೆಯೇ ಫ್ರಾಗನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಇದನ್ನು ನಾನು ಎಷ್ಟು ಸಲ ಕಣ್ಣಾರೆ ನೋಡಿದ್ದೇನೋ ಲೆಕ್ಕವಿಲ್ಲ.

ಸಾಫ್ಟ್ ಪ್ಲಾಸ್ಟಿಕ್‌ನಲ್ಲಿ ನನ್ನ ಮೊದಲ ಪ್ರಯತ್ನವೂ ನೆಲಕಚ್ಚಿತು. ಮೂರು ಇಂಚಿನ ಪ್ಯಾಡಲ್ ಟೇಲ್ (ಅಗಲ ಬಾಲದ ಪ್ಲಾಸ್ಟಿಕ್ ಮೀನು), ಏಳು ಗ್ರಾಂ ಜಿಗ್ ಹೆಡ್ (ತಲೆಯಲ್ಲೇ ತೂಕವಿರುವ ಹುಕ್). ಎಸೆದ ಕೂಡಲೇ ಪಾಚಿ ಸುತ್ತಿಕೊಂಡು ಬರುತ್ತಿತ್ತು. ಜೊಂಡು ಇಲ್ಲದ ಕಡೆ ಎಸೆದರೆ ಜಿಲೇಬಿ ಮೀನು ಬಂದು ಬಾಲ ಕಚ್ಚಿ ಹೋಗುತ್ತಿತ್ತು. ಒಂದು ಪ್ಯಾಕೆಟ್‌ನಲ್ಲಿ ಆರು ಇರುತ್ತವೆ, ಆರೂ ಬೋಳು ಬಾಲವಾಗಲು ಒಂದು ಬೆಳಗ್ಗೆ ಸಾಕಾಯಿತು. ಆಗ ನಮ್ಮ ಸೋದರಮಾವ ಜೊತೆಯಲ್ಲಿದ್ದರು. ಚಿಕ್ಕಂದಿನಿಂದ ಬಿದಿರುಗಳದಲ್ಲಿ ಕೊರಮೀನು ಎತ್ತಿದ ಕೈ ಅವರದು. "ಅಳಿಯಾ, ಜೀವ ಇಲ್ಲದ ಹುಳಕ್ಕೆ ಅದು ಬಾಯಿ ಹಾಕಲ್ಲ ಕಣಪ್ಪ. ಈ ದುಡ್ಡಲ್ಲಿ ಮಾರ್ಕೆಟ್ಟಿಂದ ಮೀನೇ ತಂದು ಸಾರು ಮಾಡಬೋದಿತ್ತು" ಅಂದರು. ಆ ಮಾತು ಮನಸ್ಸಿನಲ್ಲಿ ನಾಟಿಬಿಟ್ಟಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಡಬ್ಬಿಯಲ್ಲಿ. ಹಿಗ್ಗುವ ಜಾತಿಯ ಪ್ಲಾಸ್ಟಿಕ್ ಬಂದಿದೆಯಲ್ಲ, ಎಳೆದರೆ ಮೊಳದುದ್ದ ಬಂದು ಮತ್ತೆ ಕುಗ್ಗುವಂಥದ್ದು, ನೀರಲ್ಲಿ ತೇಲುತ್ತದೆ ಅಂತ ಅದನ್ನು ಎರಡು ಪ್ಯಾಕೆಟ್ ತರಿಸಿದ್ದೆ. ಅದನ್ನೂ ಮಾಮೂಲಿ ಹುಳವನ್ನೂ ಒಂದೇ ಡಬ್ಬಿಗೆ ಸುರಿದು ಕಾರಿನ ಹಿಂದೆ ಇಟ್ಟೆ. ಏಪ್ರಿಲ್ ತಿಂಗಳು. ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಎಲ್ಲ ಕರಗಿ ಬೆಲ್ಲದ ಪಾಕದ ಹಾಗೆ ಒಂದೇ ಮುದ್ದೆ, ಕಪ್ಪು ಹಸಿರು ಕಿತ್ತಳೆ ಎಲ್ಲ ಕಲೆಸಿಹೋಗಿದೆ, ಡಬ್ಬಿಯ ತಳವೂ ಮೆತ್ತಗಾಗಿ ಅಂಟಿಕೊಂಡಿದೆ. ಸಾವಿರದ ನಾನೂರು ರೂಪಾಯಿ ಮಾಲು. ಈ ಎರಡು ಜಾತಿ ಒಂದಕ್ಕೊಂದು ತಾಗಿದರೆ ಕರಗುತ್ತವೆ ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಪ್ರತಿಯೊಂದೂ ತನ್ನ ತನ್ನ ಪ್ಯಾಕೆಟ್‌ನಲ್ಲೇ, ನೆರಳಿನಲ್ಲೇ.

ಅದೃಷ್ಟ ಖುಲಾಯಿಸಿದ್ದು 2023ರ ಆಗಸ್ಟ್‌ನಲ್ಲಿ. ರಾತ್ರಿ ಮಳೆ ಬಂದು ನಿಂತಿತ್ತು, ಬೆಳಗ್ಗೆ ಏಳು ಗಂಟೆ ಇರಬೇಕು. ಅಂತರಗಂಗೆಯ ನಡುವೆ ತಟ್ಟೆಯಷ್ಟು ಅಗಲದ ಒಂದು ಬಯಲು, ಎಲೆ ಇಲ್ಲದ ಬರೀ ನೀರು. ಫ್ರಾಗ್ ಅಲ್ಲಿಗೆ ಬಂದ ಕೂಡಲೇ ಹೊಡೆತ ಬಿತ್ತು, ತಪ್ಪಿತು. ಮತ್ತೆ ಎಸೆದೆ, ಮತ್ತೆ ಹೊಡೆತ, ಮತ್ತೆ ತಪ್ಪಿತು. ಮೂರನೇ ಸಲಕ್ಕೆ ಅದು ಏಳಲಿಲ್ಲ. ಎರಡನೇ ರಾಡ್‌ನಲ್ಲಿ ಒಂದು ಕಪ್ಪು ಹುಳ, ತೂಕ ಗೀಕ ಏನೂ ಇಲ್ಲದೆ, ಬರೀ ಹುಕ್‌ಗೆ ಸಿಕ್ಕಿಸಿ ಬಿಟ್ಟಿದ್ದೆ. ಅದನ್ನೇ ಎಲೆ ಮೇಲೆ ಎಸೆದು ಮೆಲ್ಲಗೆ ಎಳೆದು ಬಯಲಿಗೆ ಜಾರಿಸಿದೆ. ಹುಳ ಮುಳುಗುವುದು ಕಾಣುತ್ತಿತ್ತು, ಎರಡೂ ತುದಿ ಅದುರಿಸಿಕೊಂಡು, ಒಣ ಎಲೆ ಬೀಳುವ ಹಾಗೆ. ಒಂದು ಗೇಣು ಇಳಿದಿರಬೇಕು, ಹಳದಿ ಬ್ರೇಡ್ (ಹೆಣೆದ ದಾರ) ಬಲಗಡೆಗೆ ಒಂದು ಮೊಳ ಸರಿಯಿತು. ಸದ್ದಿಲ್ಲ, ಗದ್ದಲವಿಲ್ಲ. ಎಳೆದೆ. ಒಂದೂವರೆ ಕೆಜಿ. ಬಾಯಿ ಬಿಡಿಸಿದರೆ ಹುಕ್ ಮೇಲಿನ ದವಡೆಯ ಮೂಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಅವತ್ತೇ ಅದೇ ರೀತಿ ಇನ್ನೆರಡು ಬಂದವು.

ಅಲ್ಲಿಂದ ಮುಂದೆ ನಾನು ಬದಲಾಯಿಸಿದ್ದು ಸಣ್ಣ ಸಣ್ಣ ವಿಷಯಗಳು, ಆದರೆ ಫಲ ಬಂದದ್ದು ಅವುಗಳಿಂದಲೇ. ಹುಳ ನಾಲ್ಕು ಇಂಚು, ಹೆಚ್ಚೆಂದರೆ ಐದು, ಎರಡೂ ಕಡೆ ಬಡಕಲಾದ ಕಡ್ಡಿಯಂಥದ್ದು. ಒಳಗೆ ಉಪ್ಪು ಸೇರಿಸಿದ್ದೇ ಆಗಬೇಕು, ತೂಕ ಕಟ್ಟದೆಯೂ ಮುಳುಗುವುದು ಆ ಉಪ್ಪಿನಿಂದಲೇ. ಹುಕ್ 4/0 ಅಳತೆಯ, ಅಗಲ ಹೊಟ್ಟೆಯ ಆಫ್‌ಸೆಟ್, ಅಂದರೆ ದಾರ ಕಟ್ಟುವ ಕಣ್ಣಿನ ಹತ್ತಿರ ಬಾಗಿದ್ದು. ಒಂದು ಅಳತೆ ಚಿಕ್ಕದಾದ 3/0ರಲ್ಲಿ ನನಗೆ ನಾಲ್ಕು ಮೀನು ತಪ್ಪಿಸಿಕೊಂಡವು, ಹುಳ ಮಡಚಿಕೊಂಡು ಮುಳ್ಳಿಗೆ ಅಡ್ಡ ಬರುತ್ತಿತ್ತು. ಚುಚ್ಚಿದ ಮೇಲೆ ಮುಳ್ಳಿನ ತುದಿಯನ್ನು ಹುಳದ ಬೆನ್ನಿನ ಚರ್ಮಕ್ಕೆ ಅಕ್ಕಿಕಾಳಿನಷ್ಟು ಮಾತ್ರ ತೂರಿಸುತ್ತೇನೆ. ಜಾಸ್ತಿ ತೂರಿಸಿದರೆ ಎಳೆದಾಗ ಹೊರಗೆ ಬರಲ್ಲ, ಕಡಿಮೆಯಾದರೆ ಮೊದಲ ಜೊಂಡಿಗೇ ಸಿಕ್ಕಿಕೊಳ್ಳುತ್ತದೆ. ಬ್ರೇಡ್ 40 ಪೌಂಡ್ ಎಳೆತ ತಾಳುವಂಥದ್ದು. ಅದಕ್ಕಿಂತ ಸಣ್ಣದರಲ್ಲಿ ಮೀನು ಬೇರಿನ ನಡುವೆ ನುಗ್ಗಿದರೆ ದಾರಕ್ಕೆ ದಾರ ಹುಳಕ್ಕೆ ಹುಳ ಎರಡೂ ಹೋಗುತ್ತವೆ.

ಹುಳವನ್ನು ನೇರವಾಗಿ ಬಯಲಿಗೆ ಎಸೆಯಬೇಡಿ, ಅದರಾಚೆಯ ಎಲೆ ಮೇಲೆ ಬೀಳಿಸಿ. ಎರಡು ಉಸಿರು ಸುಮ್ಮನಿರಿ. ಆಮೇಲೆ ರಾಡ್ ತುದಿಯಿಂದ ಮೆಲ್ಲಗೆ ಜಾರಿಸಿ, ನೀರಿಗೆ ಬಿದ್ದ ಕೂಡಲೇ ದಾರ ಸಡಿಲ ಬಿಡಿ. ಇಲ್ಲೇ ಎಲ್ಲರೂ ಕೆಡುವುದು. ಫ್ರಾಗ್ ಎಳೆದು ಎಳೆದು ಕೈಗೆ ಅಭ್ಯಾಸವಾಗಿರುತ್ತದೆ, ಸುಮ್ಮನೆ ಇರಲು ಆಗಲ್ಲ. ಹುಳ ತಾನಾಗಿ ಇಳಿಯಬೇಕು. ಕಣ್ಣು ದಾರದ ಮೇಲೇ ಇರಬೇಕು. ದಾರ ಪಕ್ಕಕ್ಕೆ ಸರಿದರೆ, ಅಥವಾ ಇಳಿಯುವುದು ಅರ್ಧಕ್ಕೇ ನಿಂತರೆ, ಮೀನು ಬಾಯಲ್ಲಿದೆ ಅಂತ ಅರ್ಥ. ಫ್ರಾಗ್‌ಗೆ ಮೂರರವರೆಗೆ ಎಣಿಸಿ ಎಳೆಯಿರಿ ಅಂತಾರಲ್ಲ, ಇಲ್ಲಿ ಎಣಿಸುವುದು ಬೇಡ, ಸಡಿಲ ಸುತ್ತಿಕೊಂಡು ತಕ್ಷಣ ಎಳೆಯಿರಿ. ತಡಮಾಡಿದ ಎರಡು ಮೀನಿಗೆ ಹುಕ್ ಗಂಟಲೊಳಗೆ ಹೋಯಿತು. ಬಿಡಬೇಕು ಅಂತಿದ್ದ ಮೀನುಗಳವು, ಬಿಟ್ಟರೂ ಬದುಕುತ್ತಿರಲಿಲ್ಲ. ಹೀಗೆ ಹತ್ತು ಕಚ್ಚಿಗೆ ಆರೇಳು ದಡಕ್ಕೆ ಬರುತ್ತವೆ. ನಮ್ಮ ಸುತ್ತಲಿನವರಲ್ಲಿ ಈ ಲೆಕ್ಕ ಬೇರೆ ಯಾರಿಗೂ ಬಂದಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಫ್ರಾಗ್ ಪೂರ್ತಿ ಬಿಟ್ಟಿಲ್ಲ. ಈಗಲೂ ಒಂದು ರಾಡ್‌ನಲ್ಲಿ ಇರುತ್ತದೆ, ಮೀನು ಎಲ್ಲಿದೆ ಅಂತ ತೋರಿಸಲು. ಮೀನು ಫ್ರಾಗ್‌ಗೆ ಹೊಡೆದು ತಪ್ಪಿದ ಜಾಗಕ್ಕೆ ಹುಳ ಇಳಿಸುವುದು ನನ್ನ ಕೆಲಸ. ಹುಳಕ್ಕೆ ಹಚ್ಚುವ ಒಂದು ವಸ್ತು ಇದೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಅಡುಗೆಮನೆಯಲ್ಲೇ ಸಿಗುತ್ತದೆ, ಅಷ್ಟು ಸಾಕು.

ಬಣ್ಣದ ವಿಷಯದಲ್ಲಿ ಅಂಗಡಿಯವರ ಮಾತು ಕೇಳಿ ಒಂಬತ್ತು ಬಣ್ಣ ಕೊಂಡಿದ್ದೆ. ಈಗ ಮೂರೇ ಸಾಕು. ಬಿಳಿ ಎನಾಮೆಲ್ ಮಗ್ ಒಂದು ಚೀಲದಲ್ಲಿರುತ್ತದೆ. ಕೆರೆ ನೀರು ತುಂಬಿ ಹುಳವನ್ನು ತಳಕ್ಕೆ ಬಿಟ್ಟು ಮೇಲಿಂದ ನೋಡುತ್ತೇನೆ. ಮಳೆ ನೀರು ಬಂದು ಕೆಂಪಾಗಿದ್ದರೆ ಹಸಿರು, ಕಂದು ಎಲ್ಲ ಮಾಯವಾಗುತ್ತವೆ, ಕಪ್ಪು ಮಾತ್ರ ಅಂಚು ಸಮೇತ ಕಾಣುತ್ತದೆ. ನೀರು ತಿಳಿಯಾಗಿದ್ದರೆ ಕಪ್ಪು ಕಣ್ಣಿಗೆ ಹೊಡೆಯುತ್ತದೆ, ಪಾಚಿ ಬಣ್ಣದ ಹುಳ ಹಾಕುತ್ತೇನೆ. ಮೋಡ ಕವಿದ ಸಂಜೆಗೆ ಕಪ್ಪು ಹುಳದ ಬಾಲವನ್ನು ಮಾತ್ರ ನಿಂಬೆ ಹಳದಿ ಬಣ್ಣದಲ್ಲಿ ಅದ್ದುತ್ತೇನೆ. ಉಳಿದ ಆರು ಬಣ್ಣದ ಪ್ಯಾಕೆಟ್‌ಗಳು ಹಾಗೇ ಬಿದ್ದಿದ್ದವು, ಮುಂದಿನ ಪ್ರಯೋಗಕ್ಕೆ ಅವೇ ಕಚ್ಚಾ ಮಾಲಾದವು.

ಕೊರಮೀನಿನ ಹಲ್ಲಿಗೆ ಹುಳ ಬಹಳ ಹರಿಯುತ್ತದೆ, ಒಂದು ಹುಳಕ್ಕೆ ಒಂದು ಮೀನು, ಅದೃಷ್ಟವಿದ್ದರೆ ಎರಡು. ಹರಿದ ತುಂಡುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಹುಳದ ಅಚ್ಚು ಮಾಡಿ, ಹಳೆಯ ತುಂಡುಗಳನ್ನೂ ಆ ಬಳಸದ ಪ್ಯಾಕೆಟ್‌ಗಳ ಹುಳಗಳನ್ನೂ ಕರಗಿಸಿ ಸುರಿದೆ. ಮೊದಲ ಸಲ ಅಚ್ಚು ಪೂರ್ತಿ ಒಣಗಿರಲಿಲ್ಲ. ಬಿಸಿ ಪ್ಲಾಸ್ಟಿಕ್ ತಾಗಿದ ಕೂಡಲೇ ಒಳಗಿನ ತೇವ ಆವಿಯಾಗಿ ಕುದಿದು ಮುಂಗೈಗೆ ಸಿಡಿಯಿತು, ಕಲೆ ಈಗಲೂ ಇದೆ. ಎರಡನೇ ಸಲ ಬೆಂಕಿ ಜಾಸ್ತಿಯಾಗಿ ಹಳದಿಗೆ ತಿರುಗಿ ಕಣ್ಣು ಮೂಗು ಉರಿಯುವ ಹೊಗೆ ಎದ್ದಿತು. ಆ ಹೊಗೆ ವಿಷ, ಮನೆಯೊಳಗೆ ಯಾರೂ ಮಾಡಬೇಡಿ, ಅಡುಗೆ ಪಾತ್ರೆಯಲ್ಲಂತೂ ಬೇಡವೇ ಬೇಡ. ಅಚ್ಚನ್ನು ಒಂದು ವಾರ ಬಿಸಿಲಲ್ಲಿ ಒಣಗಿಸಿ, ವಾರ್ನಿಶ್ ಎರಡು ಕೋಟ್ ಹೊಡೆದು, ಹಿತ್ತಿಲಲ್ಲಿ ಗಾಳಿಗೆ ಬೆನ್ನು ಹಾಕಿ ಸಣ್ಣ ಉರಿಯಲ್ಲಿ ಮಾಡಿದ ಮೇಲೆ ಸರಿಯಾಯಿತು. ನುಣ್ಣಗೆ ಪುಡಿ ಮಾಡಿದ ಉಪ್ಪು ಎಷ್ಟು ಹಾಕಬೇಕು ಅನ್ನುವುದಕ್ಕೆ ಏಳೆಂಟು ಸಲ ಪ್ರಯತ್ನ ಬೇಕಾಯಿತು. ಜಾಸ್ತಿಯಾದರೆ ಹುಳ ಕಲ್ಲಿನ ಹಾಗೆ ಬೀಳುತ್ತದೆ, ಮುರಿಯುತ್ತದೆ. ಈಗ ನಾನು ಹಾಕುವ ಹುಳದಲ್ಲಿ ಅರ್ಧ ನನ್ನ ಕೈಯದೇ.

ಇದರ ನಡುವೆ ಹವಾಯಿ ಚಪ್ಪಲಿ ಕತ್ತರಿಸಿ ಫ್ರಾಗ್ ಕೂಡ ಮಾಡಿದೆ. ತೇಲಿತು, ಹೊಡೆತವೂ ಬಿತ್ತು, ಆದರೆ ಗಟ್ಟಿ, ಮೀನು ಕಚ್ಚಿದಾಗ ಅಮುಕಿಕೊಳ್ಳದೆ ಹುಕ್ ಹೊರಗೆ ಬರಲಿಲ್ಲ. ಬಿಟ್ಟುಬಿಟ್ಟೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಈ ಐವತ್ತು ಮೀನಿಗೆ ಹುಳದ ಪ್ಯಾಕೆಟ್ ಏಳು, ಒಂದಕ್ಕೆ ಮುನ್ನೂರಿಪ್ಪತ್ತರ ಹಾಗೆ ಎರಡು ಸಾವಿರದ ಇನ್ನೂರು ಚಿಲ್ಲರೆ, ಹುಕ್ ಆರುನೂರು. ಮೀನೊಂದಕ್ಕೆ ಐವತ್ತೈದು ಅರವತ್ತು ರೂಪಾಯಿ ಬಿತ್ತು. ಫ್ರಾಗ್‌ನಲ್ಲಿ ಇದೇ ಲೆಕ್ಕ ಇನ್ನೂರೆಪ್ಪತ್ತು ದಾಟಿತ್ತು. ಅಚ್ಚಿಗೂ ಕರಗಿ ಹಾಳಾದದ್ದಕ್ಕೂ ಹೋದ ದುಡ್ಡು ಇದರಲ್ಲಿ ಸೇರಿಲ್ಲ, ಅದು ಕಲಿಯಲು ಕೊಟ್ಟದ್ದು.

ಜಾಗ ಹುಡುಕುವುದಕ್ಕೆ ಕಿವಿ ಬೇಕು. ಕೊರಮೀನು ಗಾಳಿ ಕುಡಿಯಲು ಮೇಲೆ ಬರಲೇಬೇಕು, ಕಿವಿರೊಂದೇ ಅದಕ್ಕೆ ಸಾಲದು. 'ಗುಳಕ್' ಅಂತ ಒಂದು ಸದ್ದು, ಎರಡು ಗುಳ್ಳೆ. ಅಲ್ಲಿಗೇ ಎಸೆದರೆ ಬೆದರುತ್ತದೆ, ನಾನು ಎರಡು ಮಾರು ಆಚೆಗೆ ಎಸೆದು ಜಾರಿಸಿಕೊಂಡು ಬರುತ್ತೇನೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯುತ್ತಿರುವುದು ಕಂಡರೆ ಅಲ್ಲಿಗೆ ಏನೂ ಎಸೆಯಲ್ಲ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಏನು ಹಾಕಿದರೂ ಸಿಟ್ಟಿಗೆ ಹೊಡೆಯುತ್ತವೆ. ಅವನ್ನು ಹಿಡಿದರೆ ಆ ಮರಿಗಳು ಬೇರೆ ಮೀನಿನ ಪಾಲು. ಹಾಗೆ ಹಿಡಿದು ಫೋಟೊ ತೋರಿಸುವವರ ಜೊತೆ ನಾನು ಕೆರೆಗೆ ಹೋಗುವುದನ್ನೇ ನಿಲ್ಲಿಸಿದ್ದೇನೆ.

ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಕಾಟ್ಲಾ, ರೋಹು ಮರಿ ಬಿಟ್ಟಿರುವವರಿಗೆ ಕೊರಮೀನು ಅಂದರೆ ಮರಿ ನುಂಗುವ ಕಳ್ಳ, ಹಾಗಾಗಿ ಸಾಮಾನ್ಯವಾಗಿ ಬೇಡ ಅನ್ನಲ್ಲ. ಒಂದು ಕೆರೆಯ ಗುತ್ತಿಗೆಯವರು ಹುಳ ಕೈಯಲ್ಲಿ ಹಿಡಿದು ಎಳೆದು ನೋಡಿ, "ಇದಕ್ಕೆ ಬಾಯಿ ಹಾಕ್ತದಾ ಸಾಮಿ? ಹಿಡೀರಿ ನೋಡಾನ" ಅಂದಿದ್ದರು. ಅರ್ಧ ಗಂಟೆಯಲ್ಲಿ ಅವರ ಕಣ್ಣೆದುರೇ ಎರಡೂಮುಕ್ಕಾಲು ಕೆಜಿಯದು ಬಂತು. ಇದುವರೆಗಿನ ನನ್ನ ದೊಡ್ಡ ಮೀನು ಅದೇ. ತೂಕ ಹಾಕಿದ್ದು ಅವರದೇ ತಕ್ಕಡಿಯಲ್ಲಿ.

ಇನ್ನೂ ಬಗೆಹರಿಯದೆ ಉಳಿದಿರುವುದು ಗಾಳಿ. ಆಷಾಢದಲ್ಲಿ ಏರಿ ಮೇಲೆ ನಿಂತರೆ ತೂಕವಿಲ್ಲದ ಹುಳ ಹತ್ತು ಮಾರೂ ಹೋಗಲ್ಲ, ದಾರ ಬಿಲ್ಲಿನ ಹಾಗೆ ಬಾಗಿ ಕಚ್ಚು ಗೊತ್ತೇ ಆಗಲ್ಲ. ಹುಳದ ತಲೆಯೊಳಗೆ ಮುಕ್ಕಾಲು ಇಂಚಿನ ತಲೆ ಕತ್ತರಿಸಿದ ಮೊಳೆ ತೂರಿಸಿ ನೋಡಿದೆ. ದೂರ ಹೋಗುತ್ತದೆ, ಆದರೆ ಅಡ್ಡ ಬೀಳುವುದು ನಿಂತು ತಲೆಕೆಳಗಾಗಿ ಇಳಿಯುತ್ತದೆ. ಹೋದ ಆಷಾಢದಲ್ಲಿ ಹಾಗೆ ಮೂರು ಮೀನು ಸಿಕ್ಕಿತು, ಮೂರೂ ತೂಬಿನ ಹತ್ತಿರದ ಆಳದಲ್ಲಿ. ಎಲೆ ನಡುವೆ ಒಂದೂ ಇಲ್ಲ. ಈ ಸಲ ಮೊಳೆಯನ್ನು ನಡುವಿಗೆ ಸರಿಸಿ ನೋಡಬೇಕು ಅಂತಿದ್ದೇನೆ. ಅದಕ್ಕೆ ಬೇಕಾದ ಅಚ್ಚು ಆಗಲೇ ಬಿಸಿಲಲ್ಲಿ ಒಣಗುತ್ತಿದೆ.